ಪಿಲಾಟೀಸ್‌ಗೂ ಮುಂಚೆ ಉಸಿರು

ಮೊಬೈಲ್‌ನಲ್ಲಿ ನೋಡಿ ಮನೆಯಲ್ಲೇ ಪಿಲಾಟೀಸ್ (ಉಸಿರಿನ ಜೊತೆ ನಿಧಾನವಾಗಿ ಮಾಡುವ, ಹೊಟ್ಟೆ-ಬೆನ್ನು ಗಟ್ಟಿ ಮಾಡುವ ವ್ಯಾಯಾಮ) ಶುರು ಮಾಡುವವರು ಈಗ ನಮ್ಮ ಬಾಗಲಕೋಟೆಯಲ್ಲೂ ಇದ್ದಾರೆ. ಒಳ್ಳೆಯದೇ. ಆದರೆ ನನ್ನ ಹತ್ತಿರ ಫಿಸಿಯೋಥೆರಪಿಗೆ ಬಂದಾಗ ‘ಒಮ್ಮೆ ಮಾಡಿ ತೋರಿಸಿ’ ಅಂದ್ರೆ, ಕಾಲು ಎತ್ತುವ ಹೊತ್ತಿಗೆ ಉಸಿರು ಬಿಗಿಹಿಡಿದು, ಹೊಟ್ಟೆ ಒಳಗೆ ಎಳೆದುಕೊಂಡು, ಕುತ್ತಿಗೆಯ ನರ ಉಬ್ಬಿಸಿಬಿಡುತ್ತಾರೆ. ಉಸಿರು ಕಟ್ಟಿದಾಗ ಬಿಪಿ ಏರುತ್ತದೆ. ಸೊಂಟಕ್ಕೆ ಸಿಗಬೇಕಾದ ಆಧಾರವೂ ಸರಿಯಾಗಿ ಸಿಗಲ್ಲ.

ಈ ಆಧಾರ ಕೊಡುವುದು ‘ಕೋರ್’. ಕೋರ್ ಅಂದ್ರೆ ಹೊಟ್ಟೆಯ ಮುಂಭಾಗವಷ್ಟೇ ಅಂತ ಬಹಳ ಮಂದಿ ತಿಳಿದಿದ್ದಾರೆ. ಮೇಲೆ ಡಯಾಫ್ರಂ (ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು), ಕೆಳಗೆ ಪೆಲ್ವಿಕ್ ಫ್ಲೋರ್ (ಕಿಬ್ಬೊಟ್ಟೆಯ ತಳದ ಸ್ನಾಯುಗಳು), ಹಿಂದೆ ಬೆನ್ನುಮೂಳೆಗೆ ಅಂಟಿದ ಸಣ್ಣ ಸ್ನಾಯುಗಳು, ಸುತ್ತಲೂ ನಡುಪಟ್ಟಿ ಬಿಗಿದ ಹಾಗೆ ಹೊಟ್ಟೆಯ ಒಳಪದರದ ಸ್ನಾಯು, ಇಷ್ಟೂ ಸೇರಿದರೇ ಕೋರ್. ಉಸಿರು ಎಳೆದಾಗ ಡಯಾಫ್ರಂ ಕೆಳಗಿಳಿಯುತ್ತದೆ. ಪೂರ್ತಿ ಬಿಡುವಾಗ ಒಳಪದರ ತಾನಾಗಿಯೇ ಬಿಗಿಯಾಗುತ್ತದೆ. ಹಾಗಾಗಿ ಭಾರ ಬೀಳುವ ಹೊತ್ತಿಗೆ ಉಸಿರು ಬಿಡಬೇಕು.

ಚಾಪೆ ಮೇಲೆ ಅಂಗಾತ ಮಲಗಿ, ಮೊಣಕಾಲು ಮಡಚಿ. ಟವೆಲ್ಲನ್ನು ಪಕ್ಕೆಲುಬಿನ ಕೆಳಭಾಗಕ್ಕೆ ಸುತ್ತಿ ಎರಡೂ ತುದಿ ಹಿಡಿದುಕೊಳ್ಳಿ. ಮೂಗಿನಿಂದ ಉಸಿರು ಎಳೆದಾಗ ಪಕ್ಕೆ ಅಗಲವಾಗಿ ಟವೆಲ್ ಬಿಗಿಯಾಗಬೇಕು, ಭುಜ ಮೇಲೇಳಬಾರದು. ಬಾಯಿಂದ ನಿಧಾನ ಬಿಡಿ. ಇದು ರೂಢಿಯಾದ ಮೇಲೆ ಟವೆಲ್ ಬಿಟ್ಟು, ಸೊಂಟದ ಎದುರು ಮೂಳೆಗಳ ಒಳಬದಿಯಲ್ಲಿ ಬೆರಳಿಟ್ಟು ನೋಡಿ: ಉಸಿರು ಬಿಡುವಾಗ ಬೆರಳ ಕೆಳಗೆ ಮೆಲ್ಲಗೆ ಬಿಗಿ ಬಂದರೆ ಸರಿ. ಹೊಟ್ಟೆ ಹೊರಗೆ ಉಬ್ಬಿ ಬೆರಳನ್ನು ತಳ್ಳಿದರೆ ತಪ್ಪು. ಆಮೇಲೆ, ಉಸಿರು ಬಿಡುತ್ತಾ ಒಂದೊಂದೇ ಕಾಲು ಎತ್ತಿ. ಸೊಂಟ ಕಮಾನಾದರೆ ಅಲ್ಲಿಗೇ ನಿಲ್ಲಿಸಿ.

ಈ ಪದ್ಧತಿ ಕಟ್ಟಿದ ಜೋಸೆಫ್ ಪಿಲಾಟೀಸ್ (1883-1967) ಉಸಿರಿಗೇ ಮೊದಲ ಜಾಗ ಕೊಟ್ಟಿದ್ದರು. ಮಲಗಿ ತಲೆ ಎತ್ತಿ ಹಿಡಿದು ಮಾಡುವ ಅವರ ‘ಹಂಡ್ರೆಡ್’ ವ್ಯಾಯಾಮದಲ್ಲಿ ಉಸಿರು 5 ಎಣಿಕೆ ಎಳೆಯುವುದು, 5 ಎಣಿಕೆ ಬಿಡುವುದು, ಹೀಗೆ 10 ಸಲ. ಹೊಸಬರು ಸುಮ್ನೆ ಇದಕ್ಕೆ ಕೈಹಾಕಬೇಡಿ, ಕುತ್ತಿಗೆ ಹಿಡಿಯುತ್ತದೆ.

ಗುಳೇದಗುಡ್ಡದ ನೇಕಾರ ಅಕ್ಕ ಒಬ್ಬರು, ‘ದಿನಾ ಮಗ್ಗದಾಗ ಕುಂತಿರ್ತೀನ್ರಿ ಮೇಡಂ, ಚಾಪಿ ಯಾವಾಗ ಹಾಸ್ಲಿ?’ ಅಂದರು. ನ್ಯಾಯವಾದ ಪ್ರಶ್ನೆ ಅಲ್ವಾ? ಲಾಳಿ ನಿಲ್ಲಿಸಿದಾಗಲೆಲ್ಲ ಬೆನ್ನು ನೆಟ್ಟಗೆ ಮಾಡಿ, ಪಕ್ಕೆ ಅಗಲಿಸಿ ನಾಲ್ಕೈದು ಉಸಿರು ತಗೊಳ್ಳಿ, ನೀರಿನ ಕೊಡ ಎತ್ತುವಾಗ ಉಸಿರು ಬಿಡುತ್ತಾ ಎತ್ತಿ ಅಂದೆ. ಅಷ್ಟಾದರೂ ನಡೆಯಲಿ.

ಹರ್ನಿಯಾ ಇದ್ದವರು, ಹೊಸ ಬಾಣಂತಿಯರು, ಬಿಪಿ ಹತೋಟಿಯಲ್ಲಿ ಇಲ್ಲದವರು ಡಾಕ್ಟರನ್ನು ಕೇಳಿಯೇ ಶುರು ಮಾಡಿ. ತಲೆ ತಿರುಗಿದರೆ ನಿಲ್ಲಿಸಿ. ಸೊಂಟನೋವಿನ ಜೊತೆ ಕಾಲಿನ ಶಕ್ತಿ ಕುಂದಿದರೆ, ಮೂತ್ರದ ಹತೋಟಿ ತಪ್ಪಿದರೆ ವ್ಯಾಯಾಮದ ಮಾತೇ ಬೇಡ, ಅವತ್ತೇ ಆಸ್ಪತ್ರೆಗೆ ಹೋಗಿ.