ಇಲಿಯ ಹೆಜ್ಜೆ, ದೊಡ್ಡಮ್ಮನ ಚಪ್ಪಲಿ

ದೊಡ್ಡಮ್ಮನ ಬಲಗಾಲಿನ ಚಪ್ಪಲಿ ಬೆರಳಿನ ಕಡೆ ಸವೆದಿತ್ತು. ಎಡಗಾಲಿನದು ಎಲ್ಲರದರ ಹಾಗೆ ಹಿಮ್ಮಡಿ ಹತ್ತಿರ ಸವೆದಿತ್ತು. ಮಂಡ್ಯದ ಪಕ್ಕದ ಹಳ್ಳಿ ಅವರದು. ಒಂದು ದಿನ ಬೆಳಗಿನಿಂದ ಮಧ್ಯಾಹ್ನದವರೆಗೆ ಕುಕ್ಕರಗಾಲಲ್ಲಿ ಕೂತು ರಾಗಿ ಹೊಲದ ಕಳೆ ಕಿತ್ತಿದ್ದರು. ಎದ್ದಾಗ ಬಲಗಾಲು ಮರಗಟ್ಟಿತ್ತು. ಜೋಮು ಇರಬೇಕು ಅಂತ ಸುಮ್ಮನಾದರು. ಮಾರನೇ ದಿನ ಫೋನ್ ಮಾಡಿ, "ಪಾದ ಮ್ಯಾಕ್ಕೆ ಎತ್ತಕ್ಕೇ ಆಯ್ತಿಲ್ಲ ಕಣ್ ಮಗ" ಅಂದರು.

ಮಂಡಿಯ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ, ಒಂದು ಮೂಳೆಯ ಗುಬುಟು ಕೈಗೆ ಸಿಗುತ್ತದೆ. ಮುಟ್ಟಿ ನೋಡಿಕೊಳ್ಳಿ. ಅದರ ಕೆಳಗಿನ ಸಣ್ಣ ಜಾಗವನ್ನು ಸುತ್ತಿಕೊಂಡು ಪೆರೋನಿಯಲ್ ನರ ಹೋಗುತ್ತದೆ. ಮೇಲೆ ಮಾಂಸ ಕಡಿಮೆ. ಗಂಟೆಗಟ್ಟಲೆ ಕುಕ್ಕರಗಾಲಲ್ಲಿ ಕೂತರೆ ನರ ಅಲ್ಲಿ ಅದುಮಿಕೊಳ್ಳುತ್ತದೆ. ಪಾದ ಮೇಲೆತ್ತುವ ಸ್ನಾಯುಗಳಿಗೆ ಅಪ್ಪಣೆ ಹೋಗುವುದು ಈ ನರದಿಂದಲೇ. ಅಪ್ಪಣೆ ನಿಂತರೆ ಪಾದ ಜೋತುಬೀಳುತ್ತದೆ. ಡಾಕ್ಟರು ಇದನ್ನೇ ಫುಟ್ ಡ್ರಾಪ್ ಅನ್ನುತ್ತಾರೆ.

ಅವರು ದೊಡ್ಡಮ್ಮನ ಪಾದ ಎತ್ತಿಸಿ ನೋಡಿ, ಚೀಟಿಯಲ್ಲಿ 5ಕ್ಕೆ 2 ಅಂತ ಬರೆದರು. 0 ಅಂದರೆ ಸ್ನಾಯು ಅಲುಗುವುದೇ ಇಲ್ಲ. 3 ಅಂದರೆ ಭೂಮಿಯ ಸೆಳೆತಕ್ಕೆ ಎದುರಾಗಿ ಎತ್ತಬಲ್ಲದು. 5 ಅಂದರೆ ಪೂರ್ತಿ ಬಲ. ಎರಡು ತಿಂಗಳಲ್ಲಿ ಅದು 4ಕ್ಕೆ ಬಂತು. ಮನೆಯವರೆಲ್ಲ "ಈಗ ಚೆನ್ನಾಗಿ ನಡೀತಾರೆ" ಅಂದರು. ನನಗೆ ಚಪ್ಪಲಿ ಕಂಡಿದ್ದು ಆಗಲೇ. ಚೆನ್ನಾಗಿ ನಡೆಯುವವರ ಚಪ್ಪಲಿ ಹಾಗೆ ಸವೆಯುವುದಿಲ್ಲ ಅಲ್ವಾ?

ನರಕ್ಕೆ ಪೆಟ್ಟಾದ ಮೇಲೆ ಕಾಲು ಎಷ್ಟು ಸರಿಹೋಯಿತು ಅಂತ ಅಳೆಯುವುದು ಮನುಷ್ಯರಲ್ಲೇ ಇಷ್ಟು ಕಷ್ಟ. ಇಲಿಗೆ "ಪಾದ ಎತ್ತು" ಅನ್ನಲಿಕ್ಕೂ ಆಗುವುದಿಲ್ಲ. ಆದರೆ ನರ ಬೆಳೆಸುವ ಹೊಸ ಔಷಧಿ, ಹೊಸ ಹೊಲಿಗೆ ಯಾವುದೇ ಇರಲಿ, ಮೊದಲು ಪರೀಕ್ಷೆ ಆಗುವುದು ಹೆಚ್ಚಾಗಿ ಇಲಿಯ ಸಯಾಟಿಕ್ ನರದ ಮೇಲೆ. ಸೊಂಟದಿಂದ ತೊಡೆಯ ಹಿಂದೆ ಇಳಿಯುವ ದಪ್ಪ ನರ ಅದು. ದೊಡ್ಡಮ್ಮನಿಗೆ ಅದುಮಿಕೊಂಡ ನರ ಅದರದೇ ಒಂದು ಕವಲು.

ಇದಕ್ಕೊಂದು ಉಪಾಯ 1982ರಲ್ಲಿ ಬಂತು. ಡಿ ಮೆಡಿನಾಸೆಲಿ ಎಂಬ ಸಂಶೋಧಕ ಮತ್ತು ಸಂಗಡಿಗರು ಇಲಿಯನ್ನು ಏನೂ ಕೇಳಲು ಹೋಗಲಿಲ್ಲ, ಹೆಜ್ಜೆ ಗುರುತು ನೋಡಿದರು. ಈಗಲೂ ಅನೇಕ ಕಡೆ ಮಾಡುವುದು ಇಷ್ಟೇ: ಇಕ್ಕಟ್ಟಾದ ಓಣಿಯಂಥ ದಾರಿ, ಕೊನೆಯಲ್ಲಿ ಕತ್ತಲೆಯ ಪೆಟ್ಟಿಗೆ, ನೆಲಕ್ಕೆ ಬಿಳಿ ಕಾಗದ. ಹಿಂಗಾಲಿನ ಪಾದಕ್ಕೆ ಶಾಯಿ ಹಚ್ಚಿ ಬಿಟ್ಟರೆ ಇಲಿ ಕತ್ತಲೆಯ ಕಡೆ ಓಡುತ್ತದೆ. (ಶಾಯಿ ಅಂದ ಕೂಡಲೇ ಮೈಸೂರಿನವನಾದ ನನಗೆ ಚುನಾವಣೆಯ ಶಾಯಿ ನೆನಪಾಗುತ್ತದೆ. ನಮ್ಮೂರಿನ ಕಾರ್ಖಾನೆ 1962ರಿಂದ ಅದನ್ನು ಮಾಡಿಕೊಡುತ್ತಿದೆ. ಇಲಿಗೆ ಮಾತ್ರ ಅದು ಬೇಡ. ವಾರಗಟ್ಟಲೆ ಹೋಗುವುದಿಲ್ಲ.)

ಆರೋಗ್ಯವಾಗಿರುವ ಇಲಿ ಹಿಮ್ಮಡಿ ಎತ್ತಿಕೊಂಡು ನಡೆಯುತ್ತದೆ. ಗುರುತು ಚಿಕ್ಕದು, ಬೆರಳುಗಳು ಬೀಸಣಿಗೆಯ ಹಾಗೆ ಅಗಲ. ನರ ಸತ್ತ ಕಾಲಿನಲ್ಲಿ ಹಿಮ್ಮಡಿ ನೆಲಕ್ಕೆ ಕುಸಿಯುತ್ತದೆ. ಗುರುತು ಉದ್ದವಾಗುತ್ತದೆ. ಬೆರಳುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸ್ಕೇಲ್ ಇಟ್ಟು ಮೂರು ಅಳತೆ ತೆಗೆದುಕೊಳ್ಳುತ್ತಾರೆ. ಗುರುತಿನ ಉದ್ದ, ಮೊದಲ ಬೆರಳಿನಿಂದ ಐದನೆಯದಕ್ಕೆ ಅಂತರ, ಎರಡರಿಂದ ನಾಲ್ಕಕ್ಕೆ ಅಂತರ. ಪೆಟ್ಟಾದ ಕಾಲನ್ನು ಅದೇ ಇಲಿಯ ಇನ್ನೊಂದು ಕಾಲಿನ ಜೊತೆ ಹೋಲಿಸಿ ಒಂದು ಸೂತ್ರಕ್ಕೆ ಹಾಕುತ್ತಾರೆ. ಉತ್ತರ 0ಯ ಆಸುಪಾಸು ಬಂದರೆ ಕಾಲು ಸರಿ. ಮೈನಸ್ 100ರ ಹತ್ತಿರ ಬಂದರೆ ನರ ಪೂರ್ತಿ ಹೋಗಿದೆ. 1989ರಲ್ಲಿ ಬೇನ್ ಮತ್ತು ಸಂಗಡಿಗರು ಸೂತ್ರವನ್ನು ತಿದ್ದಿದರು. ಅದರಲ್ಲಿ ಉದ್ದಕ್ಕೆ 38.3ರ ತೂಕ, ಹೊರಬೆರಳುಗಳ ಅಗಲಕ್ಕೆ 109.5ರ ತೂಕ, ಅಂದರೆ ಅಗಲಕ್ಕೇ ಹೆಚ್ಚು ಬೆಲೆ. ಬೆರಳು ಬಿಚ್ಚುವುದು ಪಾದದೊಳಗಿನ ಪುಟಾಣಿ ಸ್ನಾಯುಗಳ ಕೆಲಸ. ನರದ ದಾರಿಯಲ್ಲಿ ಅವು ಕಟ್ಟಕಡೆಗೆ ಇರುವವು.

ಈ ಕಟ್ಟಕಡೆ ಅನ್ನುವುದರಲ್ಲೇ ಇಡೀ ವಿಷಯ ಇದೆ. ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕನ್ನಂಬಾಡಿ ಕಟ್ಟೆಯಲ್ಲಿ ಇಷ್ಟು ಕ್ಯೂಸೆಕ್ ನೀರು ಬಿಟ್ಟರು ಅಂತ ಪೇಪರಿನಲ್ಲಿ ಬರುತ್ತದೆ. ನಾಲೆಯ ಕೊನೆಯ ಮದ್ದೂರು, ಮಳವಳ್ಳಿ ರೈತ ಮಾತ್ರ ಗದ್ದೆಯ ಬದುವಿನ ಮೇಲೆ ನಿಂತು ದಾರಿ ಕಾಯುತ್ತಿರುತ್ತಾನೆ. ನರದ್ದೂ ಅದೇ ಪಾಡು. ಕರೆಂಟ್ ಕೊಟ್ಟು ನೋಡಿದರೆ ಹೊಲಿಗೆ ಹಾಕಿದ ಜಾಗ ದಾಟಿ ಸಂಕೇತ ಹೋಗುತ್ತಿರುತ್ತದೆ. ಸೂಕ್ಷ್ಮದರ್ಶಕದಲ್ಲಿ ಹೊಸ ಎಳೆಗಳೂ ಬೇಕಾದಷ್ಟು ಕಾಣುತ್ತವೆ. ಆದರೂ ಇಲಿ ಕುಂಟುತ್ತಲೇ ಇರುತ್ತದೆ. ನರ ಜಜ್ಜಿದ್ದರೆ ಒಳಗಿನ ಕೊಳವೆ ಉಳಿದಿರುತ್ತದೆ, ಎಳೆ ಹಳೇ ದಾರಿಯಲ್ಲೇ ಬೆಳೆದು ಹೋಗುತ್ತದೆ. ಪೂರ್ತಿ ಕತ್ತರಿಸಿ ಹೊಲಿದಿದ್ದರೆ ಎಳೆಗಳು ದಾರಿ ತಪ್ಪುತ್ತವೆ. ಪಾದ ಎತ್ತುವ ಸ್ನಾಯುವಿನ ಎಳೆ ಪಾದ ಇಳಿಸುವ ಸ್ನಾಯುವಿಗೆ ಹೋಗಿ ಸೇರಬಹುದು. ನೀರು ಬಂದಿದೆ, ಬೇರೆಯವರ ಗದ್ದೆಗೆ! ತೂಬಿನ ಹತ್ತಿರ ಅಳೆದವನಿಗೆ ಇದು ಗೊತ್ತಾಗುವುದೇ ಇಲ್ಲ. ಹಾಗಾಗಿ ಮೂರೂ ಪರೀಕ್ಷೆ ಬೇಕು ನಿಜ. ಆದರೆ ನಡಿಗೆಯನ್ನು ಅಳೆಯದೆ "ಗುಣವಾಯಿತು" ಅಂದವರ ಮಾತನ್ನು ನಾನಂತೂ ಅರ್ಧ ಮಾತ್ರ ನಂಬುತ್ತೇನೆ.

ಹೆಜ್ಜೆ ಗುರುತನ್ನೂ ಕುರುಡಾಗಿ ನಂಬುವ ಹಾಗಿಲ್ಲ. ಇಲಿ ನಿಧಾನವಾಗಿ ನಡೆದರೆ ಗುರುತೇ ಬದಲಾಗುತ್ತದೆ. ನಡುವೆ ನಿಂತು ಮೂಸಿ ನೋಡಿದರೆ ಆ ಕಾಗದ ಕಸಕ್ಕೆ. ಬೆರಳುಗಳು ಮಡಿಚಿಕೊಂಡು ಗಟ್ಟಿಯಾದರೆ ಅಳೆಯಲು ಏನೂ ಸಿಗುವುದಿಲ್ಲ. ಸ್ಪರ್ಶವಿಲ್ಲದ ಬೆರಳನ್ನು ಕೆಲವು ಇಲಿಗಳು ತಾವೇ ಕಡಿದುಕೊಳ್ಳುವುದೂ ಉಂಟು. ಓದುವಾಗಲೇ ಸಂಕಟವಾಗುವ ವಿಷಯ ಇದು. ನಮ್ಮಲ್ಲಿ 1960ರ ಪ್ರಾಣಿ ಕ್ರೌರ್ಯ ತಡೆ ಕಾಯ್ದೆಯ ಕೆಳಗೆ ಇಂಥ ಪ್ರಯೋಗಗಳಿಗೆ ಸಮಿತಿಯ ಒಪ್ಪಿಗೆ ಬೇಕು. ಅರಿವಳಿಕೆ, ನೋವಿನ ಔಷಧಿ ಕೊಡಬೇಕು. ನಡಿಗೆ ಅಳೆಯುವುದರಿಂದ ಇನ್ನೊಂದು ಲಾಭವೂ ಇದೆ. ಒಂದೇ ಇಲಿಯನ್ನು ವಾರವಾರ ನೋಡಬಹುದು. ಪ್ರತಿ ವಾರ ಕೆಲವನ್ನು ಕೊಂದು ನರ ತೆಗೆದು ನೋಡುವುದು ಅಷ್ಟರಮಟ್ಟಿಗೆ ತಪ್ಪುತ್ತದೆ.

ಪೆಟ್ಟು ಬೆನ್ನುಹುರಿಗೇ ಬಿದ್ದಿದ್ದರೆ ಶಾಯಿ ಸಾಲದು. ಅಲ್ಲಿ ಕಣ್ಣೇ ಅಳತೆಗೋಲು. 1995ರಲ್ಲಿ ಅಮೆರಿಕದ ಒಹಾಯೊದಲ್ಲಿ ಬ್ಯಾಸೊ, ಬೀಟಿ, ಬ್ರೆಸ್ನಹನ್ ಎಂಬ ಮೂವರು 0ಯಿಂದ 21ರವರೆಗೆ ಒಂದು ಮೆಟ್ಟಿಲು ಕಟ್ಟಿದರು. ಇಲಿಯನ್ನು ಬಯಲಿನಂಥ ತೊಟ್ಟಿಯಲ್ಲಿ ನಾಲ್ಕು ನಿಮಿಷ ಬಿಟ್ಟು ಇಬ್ಬರು ನೋಡುತ್ತಾರೆ. ಕೀಲು ಅಲುಗಿತೇ? ಮೈಭಾರ ಹೊತ್ತಿತೇ? ಮುಂಗಾಲು ಹಿಂಗಾಲು ತಾಳ ಕೂಡಿತೇ? ಕೊನೆಯ ಮೆಟ್ಟಿಲಿನಲ್ಲಿ ಬಾಲ ಎತ್ತಿರಬೇಕು ಅಂತಲೂ ಇದೆ! ಇಲ್ಲಿ ಎಚ್ಚರ ಬೇಕು. 14 ಪಡೆದ ಇಲಿ 7 ಪಡೆದದ್ದಕ್ಕಿಂತ ಎರಡರಷ್ಟು ಚೆನ್ನಾಗಿ ನಡೆಯುತ್ತದೆ ಅಂತ ಅರ್ಥವಲ್ಲ. ಇವು ಮೆಟ್ಟಿಲುಗಳು, ಸೇರು ಪಾವಿನ ಲೆಕ್ಕ ಅಲ್ಲ. ಇನ್ನೊಂದು ಕಟ್ಟುನಿಟ್ಟು: ಯಾವ ಇಲಿಗೆ ಔಷಧಿ ಕೊಟ್ಟಿದೆ ಅಂತ ನೋಡುವವರಿಗೆ ಗೊತ್ತಿರಬಾರದು. ಗೊತ್ತಿದ್ದರೆ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತದೆ. ನಮ್ಮ ಮನೆಯವರು ದೊಡ್ಡಮ್ಮನನ್ನು ನೋಡಿದ ಹಾಗೆ.

ಇಲಿಯ ಫಲಿತಾಂಶ ನೋಡಿ ಜಾಸ್ತಿ ಹಿಗ್ಗುವ ಹಾಗೂ ಇಲ್ಲ. ನರದ ಎಳೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಇಲಿಯ ತೊಡೆಯಿಂದ ಪಾದಕ್ಕೆ ಕೆಲವೇ ಸೆಂಟಿಮೀಟರ್, ವಾರಗಳ ಮಾತು. ನಮ್ಮ ಸೊಂಟದಿಂದ ಪಾದಕ್ಕೆ ಹೆಚ್ಚೂಕಡಿಮೆ ಒಂದು ಮೀಟರ್. ಲೆಕ್ಕ ಹಾಕಿದರೆ ಎರಡು ವರ್ಷ ದಾಟುತ್ತದೆ. ಎಳೆ ತಲುಪುವ ಹೊತ್ತಿಗೆ ಕಾದು ಕಾದು ಸ್ನಾಯುವೇ ಸೊರಗಿರುತ್ತದೆ. ದೊಡ್ಡಮ್ಮನ ಪುಣ್ಯ, ಅವರ ನರ ತುಂಡಾಗಿರಲಿಲ್ಲ, ಬರೀ ಅದುಮಿತ್ತು.

ಈಗ ಶಾಯಿಯ ಜಾಗಕ್ಕೆ ಗಾಜು ಬಂದಿದೆ. ಗಾಜಿನ ಹಲಗೆಯ ಒಳಗೇ ಬೆಳಕು ಓಡಿಸುತ್ತಾರೆ. ಪಾದ ತಾಗಿದ ಕಡೆ ಮಾತ್ರ ಬೆಳಕು ಹೊರಗೆ ಸೋರಿ ಹೊಳೆಯುತ್ತದೆ. ಕೆಳಗಿನಿಂದ ಕ್ಯಾಮೆರಾ ಅದನ್ನು ಹಿಡಿಯುತ್ತದೆ. ವಿಡಿಯೊ ನೋಡಿ ಕೀಲುಗಳನ್ನು ತಾನೇ ಗುರುತಿಸುವ ಸಾಫ್ಟ್‌ವೇರೂ ಬಂದಿದೆ.

ನಾನೂ ಹೋದ ಸಲ ಊರಿಗೆ ಹೋದಾಗ ಪಡಸಾಲೆಯಲ್ಲಿ ದೊಡ್ಡಮ್ಮನನ್ನು ನಡೆಸಿ ಮೊಬೈಲಿನಲ್ಲಿ ಹಿಡಿದೆ. ನಿಧಾನ ಮಾಡಿ ನೋಡಿದರೆ ಬಲಗಾಲಿನ ಬೆರಳು ಇನ್ನೂ ಒಂಚೂರು ತಡವಾಗಿ ಏಳುತ್ತಿತ್ತು. ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದರು.

"ಸಿಮೆಂಟ್ ನೆಲದ ಮ್ಯಾಲೆ ಯಾರಾದ್ರೂ ನಡೀತಾರೆ. ಬದ ಮ್ಯಾಲೆ ನಡೀತೀನಿ ಬಾ, ಅದ ಹಿಡಿ" ಅಂದು, ಚಪ್ಪಲಿ ಬಿಟ್ಟು ಗದ್ದೆ ಕಡೆ ಹೊರಟರು.