ಕಾಡಿಗೆ ಗೊಬ್ಬರ ಹಾಕುವವರು ಯಾರು?

ಪ್ರಶ್ನೆ: ನಮ್ಮ ತೋಟದ ಬೇಲಿ ದಾಟಿದರೆ ಕಾಡು. ಅಲ್ಲಿ ಯಾರೂ ಒಂದು ಬುಟ್ಟಿ ಗೊಬ್ಬರ ಹಾಕಿದ್ದಿಲ್ಲ. ಆದರೂ ಮರಗಳು ತಲೆ ಎತ್ತಿ ನೋಡುವಷ್ಟು ಬೆಳೆದಿವೆ. ಬೇಲಿಯ ಈಚೆ ನಾವು ವರ್ಷಾ ವರ್ಷಾ ಸೊಪ್ಪು, ಕೊಟ್ಟಿಗೆ ಗೊಬ್ಬರ, ಸಾಲದ್ದಕ್ಕೆ ಚೀಲದ ಗೊಬ್ಬರ ಎಲ್ಲ ಹಾಕುತ್ತೇವೆ. ಎರಡು ವರ್ಷ ತಪ್ಪಿಸಿದರೆ ಅಡಿಕೆ ಮರ ಸೊರಗುತ್ತದೆ. ಮಣ್ಣು ಒಂದೇ, ಮಳೆಯೂ ಒಂದೇ. ಹೀಗ್ಯಾಕೆ?
(ಶಿರಸಿ ಸೀಮೆಯ ಓದುಗರೊಬ್ಬರು)

ಉತ್ತರ: ಈ ಪ್ರಶ್ನೆಯನ್ನು ತೋಟ ಇರುವವರೆಲ್ಲ ಒಂದಲ್ಲ ಒಂದು ದಿನ ಕೇಳುತ್ತಾರೆ. ಕೆಲವರು ಅಲ್ಲಿಗೇ ನಿಲ್ಲುವುದಿಲ್ಲ, "ಹಾಗಾದರೆ ಗೊಬ್ಬರ ಹಾಕುವುದೇ ದಂಡ ಅಲ್ವಾ?" ಅನ್ನುತ್ತಾರೆ. ಚುಟುಕಾಗಿ ಹೇಳುವುದಾದರೆ, ಕಾಡಿಗೂ ಗೊಬ್ಬರ ಬೀಳುತ್ತದೆ, ದಿನವೂ ಬೀಳುತ್ತದೆ. ಆದರೆ ಕಾಡಿನ ಫಸಲು ಲಾರಿ ಹತ್ತಿ ಹೋಗುವುದಿಲ್ಲ. ಅಲ್ಲಿ ಬೆಳೆದದ್ದು ಅಲ್ಲೇ ಬಿದ್ದು ಅಲ್ಲೇ ಕೊಳೆಯುತ್ತದೆ.

ಶಿವರಾತ್ರಿ ಕಳೆದ ಮೇಲೆ ಒಂದು ದಿನ ಪುರುಸೊತ್ತು ಮಾಡಿಕೊಂಡು ಹತ್ತಿರದ ಯಾವುದಾದರೂ ಕಾನಿಗೆ (ದಟ್ಟ ಕಾಡಿಗೆ) ಹೋಗಿ. ಕೈಯಿಂದಲೇ ದರಕನ್ನು, ಅಂದರೆ ನೆಲಕ್ಕೆ ಬಿದ್ದ ತರಗೆಲೆಯನ್ನು, ಪದರ ಪದರವಾಗಿ ಸರಿಸಿ ನೋಡಿ. ಮೇಲಿನದು ಈ ವರ್ಷದ ಎಲೆ. ಒಣಗಿದೆ, ಯಾವ ಮರದ್ದೆಂದು ಗುರುತು ಹಿಡಿಯಬಹುದು. ಅದರ ಕೆಳಗೆ ಒದ್ದೆ ಎಲೆ, ತೂತು ಬಿದ್ದಿದೆ, ಅರ್ಧಂಬರ್ಧ ನರ ಮಾತ್ರ ಉಳಿದಿದೆ, ನಡುನಡುವೆ ಬಿಳಿ ದಾರದಂಥ ಎಳೆಗಳಿವೆ. ಇನ್ನೂ ಕೆಳಗೆ ಹೋದರೆ ಎಲೆಯೇ ಇಲ್ಲ, ಕಪ್ಪು ಪುಡಿ. ಮಳೆ ಬಿದ್ದ ಮಣ್ಣಿನ ಘಮ ಬರುತ್ತದಲ್ಲ, ಅದೇ ವಾಸನೆ. ಆ ಕಪ್ಪು ಪದರದ ತುಂಬ ಕೂದಲೆಳೆಯಂಥ ಬೇರುಗಳು ಹೆಣೆದುಕೊಂಡಿರುತ್ತವೆ. ಎಲೆ ಪೂರ್ತಿ ಮಣ್ಣಾಗುವ ಮೊದಲೇ ಬೇರು ಬಂದು ಕಾಯುತ್ತಾ ಕೂತಿದೆ!

ಈ ಕೆಲಸ ಮಾಡುವವರು ಯಾರು? ಒರಲೆ (ಗೆದ್ದಲು), ಎರೆಹುಳ, ಸಹಸ್ರಪದಿ ಮೊದಲು ಎಲೆಯನ್ನು ಕತ್ತರಿಸಿ ಚೂರು ಮಾಡುತ್ತವೆ. ಚೂರಾದ ಮೇಲೆ ಅಣಬೆ ಜಾತಿಯ ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಾಗಳ ಸರದಿ. ಆಗ ನೋಡಿದ ಬಿಳಿ ದಾರಗಳು ಶಿಲೀಂಧ್ರದ್ದೇ. ಒರಲೆಯನ್ನು ಕಂಡರೆ ನಾವು ಮನೆಯ ಜಂತಿ ನೆನೆದು ಹೆದರುತ್ತೇವೆ, ಆದರೆ ಕಾಡಿನಲ್ಲಿ ಅದರಷ್ಟು ದುಡಿಯುವವರು ಕಡಿಮೆ. ಹುತ್ತ ಕಟ್ಟುವ ಎಷ್ಟೋ ಒರಲೆಗಳು ಒಳಗೆ ಶಿಲೀಂಧ್ರದ ತೋಟವನ್ನೇ ಮಾಡಿಕೊಂಡಿರುತ್ತವೆ. ಮಳೆಗಾಲ ಶುರುವಾದಾಗ ಹುತ್ತದ ಮೇಲೆ ಏಳುವ ಅಣಬೆ, ನಾವು ಆಸೆಪಟ್ಟು ತಂದು ಪಲ್ಯ ಮಾಡುತ್ತೇವಲ್ಲ, ಅದು ಒರಲೆ ಸಾಕಿದ ಬೆಳೆ.

ಶಾಲೆಯ ಪುಸ್ತಕದ ಮೇಲೆ ನನ್ನದೊಂದು ತಕರಾರಿದೆ. ಆಹಾರ ಸರಪಳಿ ಅಂದರೆ ಹುಲ್ಲು, ಜಿಂಕೆ, ಹುಲಿ ಎಂದು ಚಿತ್ರ ಬರೆದು ಮುಗಿಸುತ್ತಾರೆ. ಕಾಡಿನಲ್ಲಿ ಹಾಗೆ ನೇರ ಸರಪಳಿ ಇರುವುದೇ ಅಪರೂಪ. ಆಲದ ಹಣ್ಣನ್ನು ಮಂಗಟ್ಟೆಯೂ ತಿನ್ನುತ್ತದೆ, ಕೆಂಪಳಿಲೂ ತಿನ್ನುತ್ತದೆ, ಬಾವಲಿಯೂ ತಿನ್ನುತ್ತದೆ. ಮಂಗಟ್ಟೆ ಹಣ್ಣಿನ ಜೊತೆ ಹಲ್ಲಿ, ಹುಳವನ್ನೂ ನುಂಗುತ್ತದೆ. ಅದಕ್ಕೇ ಸರಪಳಿ ಅನ್ನುವುದಕ್ಕಿಂತ ಆಹಾರ ಜಾಲ ಅನ್ನುವುದು ಸರಿ. ಆದರೆ ದೊಡ್ಡ ತಕರಾರು ಇದಲ್ಲ. ಕಾಡಿನ ಮರಗಳಲ್ಲಿ ಚಿಗುರಿದ ಎಲೆಯ ಬಹುಪಾಲನ್ನು, ಸಾಮಾನ್ಯವಾಗಿ ಹತ್ತರಲ್ಲಿ ಎಂಟೊಂಬತ್ತು ಪಾಲನ್ನು, ಹಸಿಯಾಗಿರುವಾಗ ಯಾರೂ ತಿನ್ನುವುದೇ ಇಲ್ಲ. ಅದು ಹಣ್ಣಾಗಿ ಉದುರಿ ನೆಲಕ್ಕೆ ಬರುತ್ತದೆ. ಅಂದರೆ ಕಾಡಿನ ದೊಡ್ಡ ಊಟ ನಡೆಯುವುದು ದರಕಿನಲ್ಲಿ. ಹುಲಿ, ಜಿಂಕೆಯದು ಪಕ್ಕದ ಪಂಕ್ತಿ. ಚಿತ್ರದಲ್ಲಿ ಒರಲೆ ಚೆನ್ನಾಗಿ ಕಾಣುವುದಿಲ್ಲ ಅಂತ ಬಿಟ್ಟರೋ ಏನೋ.

ಇಲ್ಲಿ ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಕಾಡಿನೊಳಗೆ ಎರಡು ಸಂಗತಿ ಓಡಾಡುತ್ತವೆ. ಒಂದು ಶಕ್ತಿ, ಇನ್ನೊಂದು ಪೋಷಕಾಂಶ. ಶಕ್ತಿ ಸೂರ್ಯನಿಂದ ಬರುತ್ತದೆ, ಎಲೆ ಹಿಡಿಯುತ್ತದೆ, ತಿಂದವರು ಒಂದಿಷ್ಟು ಬಳಸುತ್ತಾರೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಒಂದು ಮೆಟ್ಟಿಲಿನಿಂದ ಮೇಲಿನ ಮೆಟ್ಟಿಲಿಗೆ ದಾಟುವುದು ಅಂದಾಜು ಹತ್ತನೇ ಒಂದು ಪಾಲು ಮಾತ್ರ. ಹೋದ ಶಕ್ತಿ ವಾಪಸ್ ಬರುವುದಿಲ್ಲ. ಬರುವುದೂ ಬೇಕಿಲ್ಲ, ನಾಳೆ ಮತ್ತೆ ಸೂರ್ಯ ಹುಟ್ಟುತ್ತಾನೆ. ಸಾರಜನಕ, ರಂಜಕ, ಪೊಟ್ಯಾಷ್, ಕ್ಯಾಲ್ಸಿಯಂ ಹಾಗಲ್ಲ. ಅವು ಇದ್ದಷ್ಟೇ. ಎಲೆಯಲ್ಲಿದ್ದದ್ದು ಮಣ್ಣಿಗೆ, ಮಣ್ಣಿನಲ್ಲಿದ್ದದ್ದು ಬೇರಿಗೆ, ಬೇರಿನಿಂದ ಮತ್ತೆ ಎಲೆಗೆ ಸುತ್ತುತ್ತಲೇ ಇರಬೇಕು. ಬ್ರಿಟನ್ನಿನ ಸಸ್ಯವಿಜ್ಞಾನಿ ಆರ್ಥರ್ ಟ್ಯಾನ್ಸ್‌ಲಿ 1935ರಲ್ಲಿ ಇಕೋಸಿಸ್ಟಮ್ ಎಂಬ ಪದವನ್ನು ಬಳಕೆಗೆ ತಂದಾಗ ಹೇಳಿದ್ದು ಹೆಚ್ಚುಕಡಿಮೆ ಇದನ್ನೇ. ಮರ, ಹುಳ, ಹಕ್ಕಿಯ ಜೊತೆಗೆ ಮಣ್ಣು, ನೀರು, ಗಾಳಿಯನ್ನೂ ಸೇರಿಸಿ ಒಂದೇ ಘಟಕವಾಗಿ ನೋಡಬೇಕು ಎಂದು.

ಈಗ ನಮ್ಮ ಊರಿನ ಮಣ್ಣಿಗೆ ಬನ್ನಿ. ಕಾಡು ಅಷ್ಟು ಸೊಂಪಾಗಿದೆ ಅಂದರೆ ಮಣ್ಣು ಬಹಳ ಫಲವತ್ತು ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಶಿರಸಿಯಲ್ಲಿ ವರ್ಷಕ್ಕೆ 2500 ಮಿಲಿಮೀಟರ್ ಆಸುಪಾಸು ಮಳೆ, ಕಾರವಾರ, ಕುಮಟಾ ಕಡೆ ಇನ್ನೂ ಜಾಸ್ತಿ, ಅದೂ ನಾಲ್ಕು ತಿಂಗಳಲ್ಲಿ. ಲಕ್ಷಾಂತರ ವರ್ಷ ಹೀಗೆ ಹೊಯ್ದ ಮಳೆ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಷನ್ನೆಲ್ಲ ತೊಳೆದು ಹೊಳೆಗೆ ಸೇರಿಸಿದೆ. ಉಳಿದದ್ದು ಕಬ್ಬಿಣ ಮತ್ತು ಅಲ್ಯುಮಿನಿಯಂ. ಮನೆ ಕಟ್ಟುವ ಚಿರೇಕಲ್ಲು ಕೆಂಪಗಿರುವುದು ಆ ಕಬ್ಬಿಣದ ತುಕ್ಕಿಗೇ. ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕನನ್ 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿ, ಮೆತ್ತಗಿರುವಾಗ ಕತ್ತರಿಸಿ ಇಟ್ಟಿಗೆಯಂತೆ ಬಳಸುವ ಈ ಕಲ್ಲನ್ನು ನೋಡಿ, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಲ್ಯಾಟರೈಟ್ ಎಂದು ಹೆಸರಿಟ್ಟ. ಅವನ ಪುಸ್ತಕ 1807ರಲ್ಲಿ ಬಂತು. ಇಂಥ ಮಣ್ಣಿನ ಇನ್ನೊಂದು ಚಾಳಿ ಅಂದರೆ, ರಂಜಕ ಹಾಕಿದರೆ ಕಬ್ಬಿಣ, ಅಲ್ಯುಮಿನಿಯಂ ಎರಡೂ ಸೇರಿ ಅದನ್ನು ಕಟ್ಟಿ ಹಿಡಿದುಬಿಡುತ್ತವೆ. ಗಿಡಕ್ಕೆ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ.

ಇಂಥ ಬಡ ಮಣ್ಣಿನ ಮೇಲೆ ಕಾಡು ಶ್ರೀಮಂತವಾಗಿ ನಿಂತಿರುವುದು ಜಿಪುಣತನದಿಂದ. ಎಲೆ ಉದುರಿಸುವ ಮೊದಲು ಮರ ಅದರಲ್ಲಿರುವ ಸಾರಜನಕ, ರಂಜಕದ ಸುಮಾರು ಅರ್ಧದಷ್ಟನ್ನು ಒಳಗೆ ಎಳೆದುಕೊಳ್ಳುತ್ತದೆ. ಹಣ್ಣೆಲೆ ಹಳದಿಯಾಗುವುದರ ಹಿಂದಿನ ಲೆಕ್ಕ ಇದೇ. ಬಿದ್ದ ಎಲೆಯಿಂದ ಬಿಡುಗಡೆಯಾದ ಉಳಿದ ಸಾರವನ್ನು ಮಳೆ ಒಯ್ಯುವ ಮೊದಲೇ ಆ ಕೂದಲೆಳೆ ಬೇರುಗಳು ಹಿಡಿಯುತ್ತವೆ. ಬೇರು ಮುಟ್ಟದ ಕಡೆ ಶಿಲೀಂಧ್ರದ ಎಳೆಗಳು ಹೋಗಿ ರಂಜಕ ತಂದುಕೊಡುತ್ತವೆ. ಬದಲಿಗೆ ಮರ ಅವಕ್ಕೆ ಸಕ್ಕರೆ ಕೊಡುತ್ತದೆ. ಹೊಸ ಜಮೆಯೂ ಸ್ವಲ್ಪ ಇದೆ. ಗಾಳಿಯಲ್ಲಿ 78 ಶೇಕಡಾ ಸಾರಜನಕವೇ ಇದ್ದರೂ ಎಲೆ ಅದನ್ನು ನೇರವಾಗಿ ಬಳಸಲಾರದು. ದ್ವಿದಳ ಜಾತಿಯ ಎಷ್ಟೋ ಗಿಡಗಳ ಬೇರಿನ ಗಂಟಿನಲ್ಲಿರುವ ಬ್ಯಾಕ್ಟೀರಿಯಾ ಅದನ್ನು ಹಿಡಿದು ಕೊಡುತ್ತವೆ. ಮಳೆ, ದೂಳಿನ ಜೊತೆಗೂ ಒಂದಿಷ್ಟು ಬರುತ್ತದೆ. ಸೋರಿಕೆ ಅಷ್ಟಕ್ಕಷ್ಟೇ ಇರುವುದರಿಂದ ಈ ಸಣ್ಣ ಜಮೆಯೇ ಕಾಡಿಗೆ ಸಾಕಾಗುತ್ತದೆ.

ಹಿಡಿಯುವ ಬೇರು ಇಲ್ಲದಿದ್ದರೆ ಏನಾಗುತ್ತದೆ? ಅದನ್ನು ಅಳೆದೇ ನೋಡಿದವರಿದ್ದಾರೆ. ಅಮೆರಿಕದ ಹಬಾರ್ಡ್ ಬ್ರೂಕ್ ಎಂಬ ಕಾಡಿನಲ್ಲಿ 1965ರ ಕೊನೆಗೆ ವಿಜ್ಞಾನಿಗಳು ಒಂದು ಇಡೀ ಹಳ್ಳದ ಜಲಾನಯನದ ಮರ ಕಡಿಸಿದರು. ಮರವನ್ನು ಹೊರಗೆ ಸಾಗಿಸಲಿಲ್ಲ, ಅಲ್ಲೇ ಬಿಟ್ಟರು. ಕಳೆನಾಶಕ ಹೊಡೆದು ಹೊಸ ಚಿಗುರು ಬರದಂತೆ ನೋಡಿಕೊಂಡರು, ಅಷ್ಟೇ. ಹಳ್ಳದಲ್ಲಿ ಕೊಚ್ಚಿಹೋಗುವ ನೈಟ್ರೇಟ್ ಮೊದಲಿಗಿಂತ ಹತ್ತಾರು ಪಟ್ಟು ಏರಿತು. ಕ್ಯಾಲ್ಸಿಯಂ, ಪೊಟ್ಯಾಷ್ ಕೂಡ ಹಿಂದೆಯೇ ಹೊರಟವು. ಕೊಳೆಯುವುದು ನಡೆದೇ ಇತ್ತು, ತೆಗೆದುಕೊಳ್ಳುವವರು ಇರಲಿಲ್ಲ.

ನಿಮ್ಮ ತೋಟದ ವಿಷಯ ಈಗ ಸಲೀಸು. ಅಡಿಕೆ ಕೊನೆ (ಗೊನೆ) ಇಳಿಸಿ ಮನೆಗೆ ತರುತ್ತೀರಿ. ಸುಲಿದ ಅಡಿಕೆ ಮಂಡಿಗೆ ಹೋಗುತ್ತದೆ, ಅಲ್ಲಿಂದ ಇನ್ನೆಲ್ಲಿಗೋ. ಅದರೊಳಗಿನ ಪೊಟ್ಯಾಷ್, ಸಾರಜನಕ ಶಿರಸಿಗೆ ವಾಪಸ್ ಬರುವುದಿಲ್ಲ. ಸಿಪ್ಪೆಯನ್ನು ಅಂಗಳದ ಮೂಲೆಯಲ್ಲಿ ಮಳೆಗೆ ಬಿಟ್ಟರೆ ಅದರ ಪೊಟ್ಯಾಷ್ ಚರಂಡಿ ಸೇರುತ್ತದೆ. ಪೊಟ್ಯಾಷ್ ಎಲೆ, ಸಿಪ್ಪೆಯಲ್ಲಿ ಗಟ್ಟಿಯಾಗಿ ಅಂಟಿಕೊಂಡಿರುವುದಿಲ್ಲ, ನಾಲ್ಕು ಮಳೆಗೆ ಇಳಿದುಹೋಗುತ್ತದೆ. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಒಂದು ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಶಿಫಾರಸು ಮಾಡುತ್ತದೆ. ಜೊತೆಗೆ 12 ಕಿಲೋ ಹಸಿರೆಲೆ, 12 ಕಿಲೋ ಕೊಟ್ಟಿಗೆ ಗೊಬ್ಬರ ಅಥವಾ ಕಾಂಪೋಸ್ಟ್. ಮೂರರಲ್ಲಿ ಪೊಟ್ಯಾಷೇ ಜಾಸ್ತಿ ಇರುವುದನ್ನು ಗಮನಿಸಿ. ಹಿರಿಯರು ಬಚ್ಚಲೊಲೆಯ ಬೂದಿಯನ್ನು ಬುಡಕ್ಕೆ ಹಾಕುತ್ತಿದ್ದುದು ಸುಮ್ನೆ ಅಲ್ಲ, ಕಟ್ಟಿಗೆ ಬೂದಿಯಲ್ಲಿ ಅದು ಚೆನ್ನಾಗಿ ಇರುತ್ತದೆ.

ಹೋದದ್ದನ್ನು ತುಂಬುವುದಕ್ಕೆ ಉತ್ತರ ಕನ್ನಡ ಜಿಲ್ಲೆಯವರು ಹುಡುಕಿಕೊಂಡ ದಾರಿ ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ಕೊಯ್ಯಲು ಬಿಟ್ಟ ಕಾಡು. ಬ್ರಿಟಿಷರ ಕಾಲದಿಂದಲೂ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಬಳಸುವ ಹಕ್ಕು ಇಲ್ಲಿದೆ. ಈ ಅಂಕಿಯನ್ನು ನಾವು ಹಕ್ಕಿನ ಮಾತಾಗಿ ಮಾತ್ರ ಆಡುತ್ತೇವೆ. ನನಗೆ ಅದು ಪರಿಸರದ ಪಾಠವಾಗಿ ಕಾಣುತ್ತದೆ. ಒಂದು ಎಕರೆಯ ಸೋರಿಕೆ ತುಂಬಲು ಅಷ್ಟು ಎಕರೆಯ ಎಲೆ ಬೇಕು ಅಂತಾಯಿತು! ಮತ್ತಿ, ಹೊನಗಲು, ನೇರಳೆಯ ಸೊಪ್ಪು ಕೊಟ್ಟಿಗೆಯಲ್ಲಿ ಹಾಸಾಗಿ, ದನದ ಗಂಜಲ ಕುಡಿದು ಗೊಬ್ಬರಗುಂಡಿಗೆ ಹೋಗುತ್ತದೆ. ಆ ಗಂಜಲ ಮುಖ್ಯ. ಎಲೆ ಕೊಳೆಸುವ ಸೂಕ್ಷ್ಮಜೀವಿಗಳಿಗೂ ಸಾರಜನಕ ಬೇಕು. ಒಣ ದರಕನ್ನು ಹಾಗೇ ಮಣ್ಣಿನಲ್ಲಿ ಹೂತರೆ ಅವು ಮಣ್ಣಿನ ಸಾರಜನಕವನ್ನೇ ಸಾಲ ತೆಗೆಯುತ್ತವೆ, ಸ್ವಲ್ಪ ದಿನ ಗಿಡ ಹಳದಿಯಾಗುತ್ತದೆ. ಗಂಜಲ ಬಿದ್ದ ಸೊಪ್ಪಿನಲ್ಲಿ ಆ ತಾಪತ್ರಯವಿಲ್ಲ.

ಬೆಟ್ಟಕ್ಕೂ ತಳ ಇದೆ ಅನ್ನುವುದನ್ನು ಮಾತ್ರ ಮರೆಯುತ್ತೇವೆ. ಸೊಪ್ಪು ಕಡಿದು, ದರಕನ್ನೂ ಗುಡಿಸಿ ತಂದರೆ ಬೆಟ್ಟದ ಸುತ್ತು ಕಡಿಯುತ್ತದೆ. ಕೆಲವು ಬೆಟ್ಟಗಳಲ್ಲಿ ಈಗ ಮರ ಕುಳ್ಳಾಗಿ, ನೆಲದಲ್ಲಿ ಕರಡದ ಹುಲ್ಲು ಎದ್ದು, ಚಿರೇಕಲ್ಲು ಮುಖ ತೋರಿಸುತ್ತಿದೆ. ತೋಟ ಹಸಿರಾಗಿದ್ದದ್ದು ಬೆಟ್ಟದ ಲೆಕ್ಕದಲ್ಲಿ. ಅಲ್ಲಿ ಅಕೇಶಿಯಾ ನೆಟ್ಟರೆ ಆಯಿತು ಅನ್ನುವವರಿದ್ದಾರೆ. ಅದು ಸಾರಜನಕ ಹಿಡಿಯುವ ಮರ ಹೌದು. ಆದರೆ ಅದರ ದಪ್ಪ ಚರ್ಮದ ಎಲೆ ಕೊಳೆಯಲು ಬಹಳ ತಡ ಮಾಡುತ್ತದೆ. ನನಗೆ ಅದರ ಮೇಲೆ ಅಷ್ಟೇನೂ ಭರವಸೆ ಇಲ್ಲ.

ನಾನೂ ಒಮ್ಮೆ ಎಡವಿದ್ದೇನೆ. ಒಂದು ಬೇಸಿಗೆ ತೋಟ ಚೊಕ್ಕಟ ಕಾಣಲಿ ಎಂದು ಬಿದ್ದ ಸೋಗೆ, ಹಾಳೆ, ಎಲೆ ಎಲ್ಲ ಗುಡಿಸಿ ಸುಟ್ಟೆ. ನೆಂಟರೆಲ್ಲ ಹೊಗಳಿದರು. ಜೂನ್ ತಿಂಗಳ ಮೊದಲ ದೊಡ್ಡ ಮಳೆಗೆ ಬಸಿಗಾಲುವೆಯ ನೀರು ಚಹಾದ ಬಣ್ಣಕ್ಕೆ ತಿರುಗಿ ಹರಿಯಿತು. ಅಡಿಕೆಯ ಬೇರು ಇರುವುದೇ ಹೆಚ್ಚಾಗಿ ಮೇಲ್ಮಣ್ಣಿನಲ್ಲಿ, ಆ ಮಣ್ಣೇ ಹೋಗುತ್ತಿತ್ತು. ಸುಟ್ಟಾಗ ಎಲೆಯಲ್ಲಿದ್ದ ಸಾರಜನಕದ ಬಹುಪಾಲು ಹೊಗೆಯಾಗಿ ಹೋಗಿರುತ್ತದೆ, ಉಳಿದ ಬೂದಿಯನ್ನು ಮಳೆ ಒಯ್ದಿತು. ಆಮೇಲೆ ಪೊರಕೆ ತೋಟಕ್ಕೆ ಹೋಗಿಲ್ಲ.

ಹಾಗಾಗಿ ಗೊಬ್ಬರ ಬಿಡಬಹುದೇ ಎಂಬುದಕ್ಕೆ ಉತ್ತರ: ಅಡಿಕೆ ಮಾರುವವರೆಗೂ ಬಿಡುವ ಹಾಗಿಲ್ಲ. ಕಡಿಮೆ ಮಾಡಬಹುದು. ಸಿಪ್ಪೆ, ಸೋಗೆ, ಹಾಳೆ ತೋಟಕ್ಕೇ ಹಿಂತಿರುಗಲಿ, ಮಳೆಗಾಲಕ್ಕೆ ನೆಲ ಬೆತ್ತಲೆ ಇರದಿರಲಿ, ಬೇಲಿಗೆ ಗೊಬ್ಬರದ ಗಿಡ (ಗ್ಲಿರಿಸೀಡಿಯಾ) ನೆಡಿ. ಚೀಲದ ಗೊಬ್ಬರವನ್ನು ಜೋರು ಮಳೆಯಲ್ಲಿ ಹಾಕುವುದೆಂದರೆ ಹೊಳೆಗೆ ಹಾಕಿದ ಹಾಗೆ.

ಹೊಳೆಗೆ ಹೋದದ್ದು ಏನಾಗುತ್ತದೆ ಅಂತ ನೀವು ಕೇಳಿಲ್ಲ, ಆದರೆ ಅದನ್ನು ಹೇಳದಿದ್ದರೆ ಅರ್ಧ ಸುತ್ತು ಬಾಕಿ ಉಳಿಯುತ್ತದೆ. ಶಿರಸಿಯ ನೀರು ಒಂದಿಷ್ಟು ಪೂರ್ವಕ್ಕೆ ವರದೆಗೆ, ಒಂದಿಷ್ಟು ಶಾಲ್ಮಲೆಯ ಮೂಲಕ ಬೇಡ್ತಿಗೆ, ಒಂದಿಷ್ಟು ಅಘನಾಶಿನಿಗೆ ಹೋಗುತ್ತದೆ. ಅಘನಾಶಿನಿ ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಎಲ್ಲೂ ದೊಡ್ಡ ಅಣೆಕಟ್ಟಿಗೆ ಸಿಗದೆ, ತದಡಿಯ ಹತ್ತಿರ ಕಡಲು ಸೇರುತ್ತದೆ. ಘಟ್ಟದಿಂದ ತಂದ ಗೋಡು (ಮೆಕ್ಕಲು ಮಣ್ಣು), ಕೊಳೆತ ಎಲೆಯ ಸಾರ ಅಳಿವೆಯಲ್ಲಿ ತಂಗುತ್ತದೆ. ಅದರ ಮೇಲೆ ಕಾಂಡ್ಲಾ (ಮ್ಯಾಂಗ್ರೋವ್) ಬೆಳೆಯುತ್ತದೆ, ಕಾಂಡ್ಲಾದ ಎಲೆ ಉದುರಿದರೆ ಏಡಿಗಳು ಎಳೆದುಕೊಂಡು ಹೋಗುತ್ತವೆ. ಅಲ್ಲಿ ಒರಲೆಯ ಕೆಲಸ ಏಡಿಯದು. ಶೆಟ್ಲಿ (ಸೀಗಡಿ), ಮೀನು ಮರಿ, ಬಳಚು (ಚಿಪ್ಪುಮೀನು) ಎಲ್ಲ ಆ ಊಟದ ಪಾಲುದಾರರು. ಮಾಣಿಕಟ್ಟಾ ಕಡೆಯ ಗಜನಿಯಲ್ಲಿ, ಅಂದರೆ ಉಪ್ಪುನೀರು ನುಗ್ಗುವ ಗದ್ದೆಯಲ್ಲಿ, ಕಗ್ಗ ಭತ್ತ ಬೆಳೆಯುವವರು ಹಿಂದಿನಿಂದಲೂ ಗೊಬ್ಬರ ಹಾಕಿದವರಲ್ಲ, ಹೊಳೆ ಮತ್ತು ಭರತದ ನೀರು ತರುವ ಗೋಡೇ ಅವರ ಗೊಬ್ಬರ. ಈ ಅಳಿವೆ 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿದೆ.

ಬಳಚಿನ ಚಿಪ್ಪು ಕ್ಯಾಲ್ಸಿಯಂನದು. ಬಳಚು ಅದನ್ನು ಕಟ್ಟಿಕೊಳ್ಳುವುದು ಕಡಲ ನೀರು, ಹೊಳೆ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂನಿಂದ. ಅಂಥ ಚಿಪ್ಪನ್ನು ಸುಟ್ಟರೆ ಸುಣ್ಣ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಮೈಲುತುತ್ತದ ಜೊತೆ ಸುಣ್ಣ ಬೇಕು, ಹುಳಿ ಮಣ್ಣಿಗೂ ಸುಣ್ಣ ಬೇಕು, ಕವಳದೆಲೆಗೆ ಹಚ್ಚುವುದಕ್ಕಂತೂ ಬೇಕೇ ಬೇಕು. ಚಿಪ್ಪಿನ ಸುಣ್ಣದ ಒಂದು ಚೀಲ ಕರಾವಳಿಯಿಂದ ದೇವಿಮನೆ ಘಟ್ಟ ಹತ್ತಿ ಬಂದರೆ, ಮಳೆ ಯಾವತ್ತೋ ಇಳಿಸಿಕೊಂಡು ಹೋದದ್ದರಲ್ಲಿ ಚೂರುಪಾರು ಮತ್ತೆ ಶಿರಸಿ ತಲುಪಿರಬಹುದು.