ಮುಧೋಳ ನಾಯಿಯ ಸ್ವಭಾವ: ವಿಕಾಸ, ಬೆಳವಣಿಗೆ ಮತ್ತು ವರ್ತನೆಯ ಕುರಿತು ಅಧ್ಯಯನ ಟಿಪ್ಪಣಿ

ಪ್ರಾಣಿಶಾಸ್ತ್ರದ ಪಠ್ಯಗಳಲ್ಲಿ ವಿಕಾಸ, ಭ್ರೂಣವಿಜ್ಞಾನ ಮತ್ತು ಪ್ರಾಣಿವರ್ತನೆ ಬೇರೆ ಬೇರೆ ಘಟಕಗಳಾಗಿ ಬರುವುದರಿಂದ, ಒಂದನ್ನು ಓದುವಾಗ ಉಳಿದೆರಡನ್ನು ಬದಿಗಿಡುವ ರೂಢಿ ನಮ್ಮಲ್ಲಿ ಬಂದಿದೆ. ಈ ಮೂರೂ ಒಂದೇ ಪ್ರಾಣಿಯಲ್ಲಿ ಹೇಗೆ ಕೂಡಿಕೊಂಡಿವೆ ಎಂದು ತಿಳಿಯಲು ಬಾಗಲಕೋಟೆ ಜಿಲ್ಲೆಯ ವಿದ್ಯಾರ್ಥಿಗಳು ದೂರದ ಉದಾಹರಣೆಯನ್ನು ಹುಡುಕಬೇಕಾಗಿಲ್ಲ. ಉದ್ದ ಮೂತಿ, ಆಳವಾದ ಎದೆ, ಸಣ್ಣ ನಡು ಮತ್ತು ನೀಳ ಕಾಲುಗಳ ಮುಧೋಳ ನಾಯಿ ನಮ್ಮ ಹೊಲಗಳ ಬದುವಿನಲ್ಲೇ ಇದೆ.

ಪ್ರಾಣಿವರ್ತನೆಯ ವಿಜ್ಞಾನಿ ನಿಕೊ ಟಿನ್‌ಬರ್ಗನ್ 1963ರಲ್ಲಿ ಯಾವುದೇ ವರ್ತನೆಯ ಬಗ್ಗೆ ನಾಲ್ಕು ಬಗೆಯ ಪ್ರಶ್ನೆಗಳನ್ನು ಕೇಳಬೇಕೆಂದು ಬರೆದರು. ಮೊಲ ಕಣ್ಣಿಗೆ ಬಿದ್ದೊಡನೆ ಮುಧೋಳ ನಾಯಿ ಏಕೆ ಬೆನ್ನಟ್ಟುತ್ತದೆ ಎಂಬುದನ್ನೇ ತೆಗೆದುಕೊಂಡರೆ, ಆ ಕ್ಷಣದಲ್ಲಿ ಅದರ ಕಣ್ಣು, ನರ, ಸ್ನಾಯುಗಳಲ್ಲಿ ಏನು ನಡೆಯುತ್ತದೆ ಎಂಬುದು ಒಂದು ಪ್ರಶ್ನೆ. ಮರಿಯಾಗಿದ್ದಾಗಿನಿಂದ ಆ ವರ್ತನೆ ಹೇಗೆ ರೂಪುಗೊಂಡಿತು ಎಂಬುದು ಇನ್ನೊಂದು. ಬದುಕಿಗೂ ಸಂತಾನಕ್ಕೂ ಅದರಿಂದ ಏನು ಪ್ರಯೋಜನ ಎಂಬುದು ಮೂರನೆಯದು. ಪೂರ್ವಜರಿಂದ ಅದು ಹೇಗೆ ಇಳಿದುಬಂತು ಎಂಬುದು ನಾಲ್ಕನೆಯದು. ‘ಬೇಟೆಗೆಂದೇ ಬೆಳೆಸಿದ ತಳಿ, ಆದ್ದರಿಂದ ಓಡುತ್ತದೆ’ ಎಂದು ಬರೆದು ಮುಗಿಸುವವರು ನಾಲ್ಕನೆಯ ಪ್ರಶ್ನೆಗೆ ಅರ್ಧ ಉತ್ತರ ಕೊಟ್ಟಿರುತ್ತಾರೆ, ಮೊದಲ ಎರಡನ್ನು ಮುಟ್ಟಿಯೇ ಇರುವುದಿಲ್ಲ. ಪ್ರಯೋಜನದ ಪ್ರಶ್ನೆ ಇಲ್ಲಿ ಸರಳವಾದದ್ದು: ಚೆನ್ನಾಗಿ ಬೇಟೆಯಾಡಿದ ನಾಯಿಯನ್ನು ಮನುಷ್ಯರು ಸಾಕಿ, ಅದರಿಂದಲೇ ಮರಿ ಪಡೆದರು.

ಕಣ್ಣಿನ ವಿಷಯ ಹೆಚ್ಚು ಸ್ವಾರಸ್ಯದ್ದು. ನಾಯಿಗಳ ಮೂತಿಯ ಉದ್ದಕ್ಕೂ ಕಣ್ಣಿನ ಹಿಂಬದಿಯ ಪದರವಾದ ರೆಟಿನಾದಲ್ಲಿ ಗ್ಯಾಂಗ್ಲಿಯನ್ ಕೋಶಗಳು (ಕಂಡದ್ದನ್ನು ಮಿದುಳಿಗೆ ಕಳುಹಿಸುವ ನರಕೋಶಗಳು) ಹರಡಿರುವ ರೀತಿಗೂ ಬಲವಾದ ಸಂಬಂಧವಿದೆ ಎಂದು 2004ರ ಒಂದು ಅಧ್ಯಯನ ತೋರಿಸಿತು. ಉದ್ದ ಮೂತಿಯ ನಾಯಿಗಳಲ್ಲಿ ಈ ಕೋಶಗಳು ಅಡ್ಡಪಟ್ಟಿಯಂತೆ ದಟ್ಟವಾಗಿರುತ್ತವೆ. ಮೊಂಡು ಮೂತಿಯವುಗಳಲ್ಲಿ ನಡುವಿನ ಒಂದೇ ಜಾಗದಲ್ಲಿ ಒತ್ತಾಗಿರುತ್ತವೆ. ಬಯಲಿನ ಅಂಚಿನಲ್ಲಿ ಅಡ್ಡ ಹಾಯುವ ಬೇಟೆಯನ್ನು ಗುರುತಿಸಲು ಮೊದಲಿನ ವ್ಯವಸ್ಥೆ ಅನುಕೂಲವೆಂದು ಊಹಿಸಬಹುದು. ತಲೆಬುರುಡೆಯ ಆಕಾರವನ್ನು ಆಯ್ದವರು, ತಮಗೆ ಗೊತ್ತಿಲ್ಲದೆಯೇ, ನಾಯಿ ಜಗತ್ತನ್ನು ಕಾಣುವ ರೀತಿಯನ್ನೂ ಆಯ್ದಿರಬಹುದು.

ಎಲ್ಲ ನಾಯಿಗಳ ಪೂರ್ವಜ ಬೂದು ತೋಳವೇ. ತೋಳದ ಬೇಟೆಯಲ್ಲಿ ದಿಟ್ಟಿಸುವುದು, ಹೊಂಚುವುದು, ಬೆನ್ನಟ್ಟುವುದು, ಕಚ್ಚಿ ಹಿಡಿಯುವುದು, ಕೊಲ್ಲುವುದು ಎಂಬ ಹಂತಗಳು ಒಂದರ ಹಿಂದೆ ಒಂದು ಬರುತ್ತವೆ. ತಳಿ ಬದಲಾದಂತೆ ಈ ಸರಣಿಯ ಕೆಲವು ಕೊಂಡಿಗಳು ಗಟ್ಟಿಯಾಗಿವೆ, ಕೆಲವು ಸಡಿಲವಾಗಿವೆ. ಕುರಿಮಂದೆಗೆ ಕಾವಲಿರುವ ತಳಿಗಳಲ್ಲಿ ಬೆನ್ನಟ್ಟುವ ಹಂತವೇ ಮಂಕಾಗಿದ್ದರೆ, ಕಣ್ಣಿನಿಂದ ಬೇಟೆಯಾಡುವ ತಳಿಗಳಲ್ಲಿ ಅದೇ ಮುಂದಾಗಿರುತ್ತದೆ. ಹೊಸ ವರ್ತನೆಯೊಂದು ಶೂನ್ಯದಿಂದ ಹುಟ್ಟಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ಬೆಳವಣಿಗೆಯ ಪ್ರಶ್ನೆಯನ್ನು ನಮ್ಮಲ್ಲಿ ಹೆಚ್ಚಿನವರು ಹಾರಿಸಿಬಿಡುತ್ತಾರೆ, ನನ್ನ ಮಟ್ಟಿಗೆ ಇಡೀ ವಿಷಯದ ಕೀಲಿ ಇರುವುದು ಅದರಲ್ಲಿಯೇ. 1961ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಫ್ರೀಡ್‌ಮನ್, ಕಿಂಗ್ ಮತ್ತು ಎಲಿಯಟ್ ನಾಯಿಮರಿಗಳನ್ನು ಎತ್ತರದ ಬೇಲಿಯೊಳಗೆ, ಮನುಷ್ಯರ ಸಂಪರ್ಕವಿಲ್ಲದೆ ಬೆಳೆಸಿ, ಬೇರೆ ಬೇರೆ ವಯಸ್ಸಿನಲ್ಲಿ ಕೆಲವನ್ನು ಮಾತ್ರ ಹೊರತಂದು ಮನುಷ್ಯರೊಡನೆ ಬೆರೆಯಲು ಬಿಟ್ಟರು. 14 ವಾರಗಳವರೆಗೂ ಆ ಅವಕಾಶ ಸಿಗದ ಮರಿಗಳು ಮುಂದೆ ಮನುಷ್ಯರಿಗೆ ಸರಿಯಾಗಿ ಒಗ್ಗಿಕೊಳ್ಳಲೇ ಇಲ್ಲ. ಹುಟ್ಟಿನಿಂದ ಸಾಕುಪ್ರಾಣಿಯಾದ ನಾಯಿಯೂ ಸರಿಯಾದ ಕಾಲದಲ್ಲಿ ಮನುಷ್ಯರನ್ನು ಕಾಣದಿದ್ದರೆ ಕಾಡುಪ್ರಾಣಿಯಂತೆ ಅಂಜುತ್ತದೆ. ಸುಮಾರು 3ರಿಂದ 12 ವಾರಗಳ ಈ ಅವಧಿಯನ್ನು ಸಾಮಾಜೀಕರಣದ ಅವಧಿ ಎನ್ನುತ್ತಾರೆ.

ತೋಳದ ಮರಿಯಲ್ಲಿ ಈ ಅವಧಿ ಬೇಗ ಬಂದು ಬೇಗ ಮುಗಿಯುತ್ತದೆ. ಕ್ಯಾಥ್ರಿನ್ ಲಾರ್ಡ್ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ತೋಳ ಮತ್ತು ನಾಯಿ ಎರಡರ ಮರಿಗಳಲ್ಲೂ ವಾಸನೆ, ಶ್ರವಣ, ದೃಷ್ಟಿ ಹೆಚ್ಚುಕಡಿಮೆ ಒಂದೇ ವಯಸ್ಸಿನಲ್ಲಿ ಬಲಿಯುತ್ತವೆ. ಆದರೆ ತೋಳದ ಮರಿ ಎರಡು ವಾರಕ್ಕೇ, ಕಣ್ಣು ಕಿವಿ ಕೆಲಸ ಮಾಡುವ ಮೊದಲೇ, ಸುತ್ತಲನ್ನು ಶೋಧಿಸತೊಡಗುತ್ತದೆ, ನಾಯಿಮರಿ ನಾಲ್ಕು ವಾರದವರೆಗೆ ಕಾಯುತ್ತದೆ. ಎರಡರ ನಡುವಿನ ಅಂತರ ಬಹುಮಟ್ಟಿಗೆ ಸಮಯದ್ದು.

ಆಯ್ಕೆಯಿಂದ ಈ ಸಮಯವನ್ನು ಸರಿಸಬಹುದೇ ಎಂಬುದಕ್ಕೆ ರಷ್ಯಾದ ನೊವೊಸಿಬಿರ್ಸ್ಕ್‌ನ ನರಿಗಳು ಉತ್ತರ ಕೊಟ್ಟವು. ದ್ಮಿತ್ರಿ ಬೆಲ್ಯಾಯೆವ್ 1959ರಲ್ಲಿ ಆರಂಭಿಸಿ, ಅವರ ನಂತರ ಲ್ಯುದ್ಮಿಲಾ ತ್ರುಟ್ ಮುಂದುವರಿಸಿದ ಈ ಪ್ರಯೋಗದಲ್ಲಿ ಆಯ್ಕೆಯ ಮಾನದಂಡ ಒಂದೇ: ಮನುಷ್ಯರಿಗೆ ಅಂಜದ, ಕಚ್ಚದ ಬೆಳ್ಳಿನರಿಗಳನ್ನು ಮಾತ್ರ ಮುಂದಿನ ಪೀಳಿಗೆಗೆ ಬಿಡುವುದು. ಸಾಮಾನ್ಯ ಮರಿಗಳಲ್ಲಿ ಆರನೇ ವಾರದ ಹೊತ್ತಿಗೆ ತಲೆದೋರುತ್ತಿದ್ದ ಅಂಜಿಕೆ, ಪಳಗಿದ ಸಂತತಿಯಲ್ಲಿ ಒಂಬತ್ತನೇ ವಾರಕ್ಕೋ ಇನ್ನೂ ತಡವಾಗಿಯೋ ಬಂತು. ಪಳಗಿದ ನರಿಯ ಭ್ರೂಣವನ್ನು ಸಿಡುಕಿನ ನರಿಯ ಗರ್ಭದಲ್ಲಿಟ್ಟು ನೋಡಿದಾಗಲೂ ಮರಿ ತನ್ನ ಜೈವಿಕ ತಾಯಿಯ ಸ್ವಭಾವವನ್ನೇ ತೋರಿತು.

ಕೆಲವು ನರಿಗಳಲ್ಲಿ ಮಚ್ಚೆಯ ತುಪ್ಪಳ, ಜೋಲುಗಿವಿ, ಸುರುಳಿಬಾಲ ಕಾಣಿಸಿದ್ದನ್ನು ವಿವರಿಸಲು ವಿಲ್ಕಿನ್ಸ್, ರ‍್ಯಾಂಗಮ್ ಮತ್ತು ಫಿಚ್ 2014ರಲ್ಲಿ ಭ್ರೂಣದ ನ್ಯೂರಲ್ ಕ್ರೆಸ್ಟ್ ಕೋಶಗಳ (ನರಕೊಳವೆಯ ಅಂಚಿನಿಂದ ಹೊರಟು ದೇಹದ ಹಲವೆಡೆ ಹರಡುವ ಕೋಶಗಳ) ಕಡೆ ಬೊಟ್ಟು ಮಾಡಿದರು. ಚರ್ಮದ ಬಣ್ಣದ ಕೋಶಗಳು, ಮುಖದ ಮೃದ್ವಸ್ಥಿ, ಅಂಜಿದಾಗ ಹಾರ್ಮೋನು ಸುರಿಸುವ ಅಡ್ರಿನಲ್ ಗ್ರಂಥಿಯ ಒಳಭಾಗ ಇವೆಲ್ಲ ಅವುಗಳಿಂದಲೇ ಬರುತ್ತವೆ. ಅಂಜಿಕೆ ತಗ್ಗಿಸುವ ಆಯ್ಕೆ ಈ ಕೋಶಗಳನ್ನು ತಗ್ಗಿಸಿದರೆ ಬಣ್ಣ, ಕಿವಿಗಳೂ ಜೊತೆಗೇ ಬದಲಾಗಬಹುದು ಎಂಬುದು ಅವರ ವಾದ. ಅಡ್ರಿನಲ್‌ನ ಹೊರಭಾಗ ಮಾತ್ರ ಭ್ರೂಣದ ನಡುಪದರವಾದ ಮೀಸೋಡರ್ಮ್‌ನಿಂದ ಬರುತ್ತದೆ; ಇದನ್ನು ಪರೀಕ್ಷೆಯಲ್ಲಿ ಅದಲುಬದಲು ಮಾಡುವವರು ಬಹಳ. ಈ ವಿವರಣೆಯನ್ನು ಸಿದ್ಧ ಸತ್ಯವೆಂದು ಬರೆಯಬಾರದು. ಆ ನರಿಗಳ ಮೂಲ ಸಂತತಿ ಕೆನಡಾದ ತುಪ್ಪಳದ ಫಾರ್ಮುಗಳಿಂದ ಬಂದದ್ದು, ಪ್ರಯೋಗಕ್ಕೆ ಮೊದಲೇ ಅಲ್ಲಿ ದಶಕಗಳ ಕಾಲ ಆಯ್ಕೆಗೆ ಒಳಗಾಗಿತ್ತು ಎಂಬ ಗಂಭೀರ ಆಕ್ಷೇಪ ಬಂದಿದೆ. ದೇಹದ ಲಕ್ಷಣಗಳ ವಾದಕ್ಕೆ ಈ ಆಕ್ಷೇಪ ತಾಗುತ್ತದೆ; ಸ್ವಭಾವದ ಮೇಲಿನ ಆಯ್ಕೆ ಫಲಿಸಿತೆಂಬ ಮಾತನ್ನು ಅದು ಅಲುಗಿಸುವುದಿಲ್ಲ.

ಮುಧೋಳ ನಾಯಿ ಅಪರಿಚಿತರಿಂದ ದೂರ ನಿಲ್ಲುತ್ತದೆ, ಅದು ತಳಿಯ ಗುಣ ಎಂದು ಸಾಕುವವರು ಹೇಳುತ್ತಾರೆ. ಇರಬಹುದು, ಆದರೆ ತೋಟದ ಮನೆಯಲ್ಲಿ ಒಂದೇ ಕುಟುಂಬದ ಮುಖಗಳನ್ನಷ್ಟೇ ಕಂಡು ಬೆಳೆದ ಮರಿಯೂ ಹಾಗೆಯೇ ವರ್ತಿಸುತ್ತದೆ. ಇವೆರಡನ್ನು ಬಿಡಿಸಲು ಕಿರುಯೋಜನೆಯೊಂದನ್ನು ಹೀಗೆ ರೂಪಿಸಬಹುದು: ಒಂದೇ ಸೂಲಿನ ಮರಿಗಳಲ್ಲಿ ಕೆಲವು ಮುಧೋಳ ಪೇಟೆಯ ಮನೆಗಳಿಗೂ ಕೆಲವು ಲೋಕಾಪುರದ ಕಡೆಯ ತೋಟಗಳಿಗೂ ಹೋಗಿದ್ದರೆ, ಆರು ತಿಂಗಳಾದ ಮೇಲೆ ಅಪರಿಚಿತ ವ್ಯಕ್ತಿಯೊಬ್ಬರು ಒಂದೇ ರೀತಿಯಲ್ಲಿ ಹತ್ತಿರ ಬಂದಾಗ ಪ್ರತಿ ಮರಿ ಎಷ್ಟು ದೂರದಲ್ಲಿ ಹಿಂದೆ ಸರಿಯುತ್ತದೆ ಎಂದು ಅಳೆಯಬೇಕು. ಒಂದೇ ಸೂಲಿನ ಮರಿಗಳಲ್ಲೇ ಪೇಟೆ ಮತ್ತು ತೋಟದ ನಡುವೆ ದೊಡ್ಡ ಅಂತರ ಕಂಡರೆ ಸಾಕಿದ ರೀತಿಯನ್ನು ಮೊದಲು ಪರಿಶೀಲಿಸಬೇಕು. ಅದೇ ಬೀದಿಯಲ್ಲಿ ಅದೇ ರೀತಿ ಬೆಳೆದ ಬೇರೆ ತಳಿಯ ಮರಿಗಳನ್ನು ಹೋಲಿಕೆಗೆ ಇಟ್ಟುಕೊಳ್ಳದೆ ತಳಿಯ ಗುಣದ ಬಗ್ಗೆ ಏನನ್ನೂ ಹೇಳಲಾಗದು.